ಕನ್ನಡಿಯ ಕಲೆ ಎಣಿಸಿದವರು

ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ತೀರಿಕೊಂಡದ್ದು 1879ರ ನವೆಂಬರಿನಲ್ಲಿ, 48ನೇ ವಯಸ್ಸಿಗೆ. ಅದೇ ವರ್ಷ ಬಂದ ಅವನ ಪ್ರಬಂಧವೊಂದು ವಿರಳ ಅನಿಲಗಳನ್ನು ಕುರಿತದ್ದು. ವಿಲಿಯಂ ಕ್ರೂಕ್ಸ್ ಮಾಡಿದ ಬೆಳಕಿನ ಗಿರಗಟ್ಟಲೆ ಆಗ ಲಂಡನ್ನಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಗಾಳಿಯನ್ನು ಬಹುಪಾಲು ಹೊರಗೆಳೆದ ಗಾಜಿನ ಬುರುಡೆ, ಒಳಗೆ ಒಂದು ಬದಿ ಕಪ್ಪು ಬಳಿದ ನಾಲ್ಕು ತೆಳು ರೆಕ್ಕೆಗಳು. ಬಿಸಿಲು ಬಿದ್ದರೆ ಸರಸರ ತಿರುಗುತ್ತದೆ. ಏಕೆ ತಿರುಗುತ್ತದೆ ಎಂಬುದಕ್ಕೆ ಉತ್ತರ ಬುರುಡೆಯಲ್ಲಿ ಉಳಿದ ಅಷ್ಟಿಷ್ಟು ಗಾಳಿಯಲ್ಲಿದೆ ಎಂದು ಮ್ಯಾಕ್ಸ್‌ವೆಲ್‌ಗೆ ಗೊತ್ತಿತ್ತು. ಆದರೆ ಆ ಗಾಳಿಯ ಅಣುಗಳು ಘನವಸ್ತುವಿನ ಮೈಗೆ ತಾಗಿದಾಗ ಏನಾಗುತ್ತದೆ ಎಂಬುದನ್ನು ಅವನು ಬರೆಯದೆ ಬಿಟ್ಟಿದ್ದ. ಹಸ್ತಪ್ರತಿ ಓದಿದ ಪರಿಶೀಲಕರೊಬ್ಬರು ಅದನ್ನೂ ಒಂದಿಷ್ಟು ಪ್ರಯತ್ನಿಸಬಾರದೇ ಎಂದು ಸೂಚಿಸಿದರು. ಹಾಗಾಗಿ ಪ್ರಬಂಧಕ್ಕೊಂದು ಅನುಬಂಧ ಸೇರಿತು. ಮುಂದಿನ ನೂರು ವರ್ಷದ ಕೆಲಸ ಹುಟ್ಟಿದ್ದು ಆ ಅನುಬಂಧದಲ್ಲಿ.

ಮ್ಯಾಕ್ಸ್‌ವೆಲ್ ಮೊದಲು ಪೂರ್ತಿ ನುಣುಪಾದ ಗೋಡೆಯನ್ನು ಕಲ್ಪಿಸಿಕೊಂಡ. ಅದರ ಮೇಲೆ ಬಿದ್ದ ಅಣು ಬಂದ ಕೋನದಲ್ಲೇ ಹೊರಳಿ ಹೋಗುತ್ತದೆ, ಕನ್ನಡಿಗೆ ಬಡಿದ ಬೆಳಕಿನ ಹಾಗೆ. ಆದರೆ ಅಂಥ ಗೋಡೆ ಪಕ್ಕದಲ್ಲಿ ಹರಿಯುವ ಅನಿಲವನ್ನು ಎಳೆದು ಹಿಡಿಯಲಾರದು, ಅನಿಲ ಜಾರಿ ಹೋಗುತ್ತದೆ. ನಿಜವಾದ ಗಾಜು ಹಾಗಿಲ್ಲ, ತಕ್ಕಮಟ್ಟಿಗೆ ಹಿಡಿದೆಳೆಯುತ್ತದೆ. ಹಾಗಾದರೆ ಗೋಡೆ ಪೂರ್ತಿ ಒರಟೇ? ಬಿದ್ದ ಅಣು ಅಲ್ಲೇ ಸಿಕ್ಕಿಬಿದ್ದು, ಗೋಡೆಯ ಬಿಸಿಯನ್ನು ಪಡೆದು, ತಾನು ಎತ್ತ ಕಡೆಯಿಂದ ಬಂದೆ ಎಂಬುದನ್ನೇ ಮರೆತು ಹೊರಡುತ್ತದೆಯೇ? ಅದೂ ಲೆಕ್ಕಕ್ಕೆ ಸರಿಯಾಗಿ ಕೂರಲಿಲ್ಲ. ಕೊನೆಗೆ ಅವನು ರಾಜಿ ಮಾಡಿಕೊಂಡ. ಗೋಡೆಯ ಒಂದು ಭಾಗ ಅಣುಗಳನ್ನು ಹೀರಿ ಬಿಡುತ್ತದೆ, ಉಳಿದ ಭಾಗ ಕನ್ನಡಿಯಂತೆ ವರ್ತಿಸುತ್ತದೆ ಎಂದು ಹೇಳಿ, ಆ ಭಾಗಕ್ಕೆ ಒಂದು ಅಕ್ಷರ ಕೊಟ್ಟ. ಗೀರು, ಗುಳಿ, ಧೂಳು, ಅಂಟಿಕೊಂಡ ಗಾಳಿ, ಹೀಗೆ ಗೊತ್ತಿಲ್ಲದ್ದೆಲ್ಲ ಆ ಒಂದು ಅಕ್ಷರದ ಕೆಳಗೆ ಹೋಯಿತು. ನನಗೆ ಇದು ಜಾಣತನವೆಂದೇ ಅನಿಸುತ್ತದೆ. ಪರಮಾಣು ಇದೆಯೋ ಇಲ್ಲವೋ ಎಂಬ ವಾದವೇ ಇನ್ನೂ ಮುಗಿಯದ ಕಾಲದಲ್ಲಿ ಅದಕ್ಕಿಂತ ಹೆಚ್ಚು ಹೇಳುವುದು ಯಾರಿಗೂ ಸಾಧ್ಯವಿರಲಿಲ್ಲ. ಆ ಅಕ್ಷರ ಇಂದಿಗೂ ನಿವೃತ್ತಿಯಾಗಿಲ್ಲ. ಕೆಳಕಕ್ಷೆಯ ಉಪಗ್ರಹಗಳಿಗೆ ಮೇಲ್ವಾತಾವರಣ ಒಡ್ಡುವ ತಡೆಯನ್ನು ಲೆಕ್ಕ ಹಾಕುವವರು ಈಗಲೂ ಅದರ ವಂಶಸ್ಥ ಅಂಕಿಯನ್ನೇ ಹಿಡಿದು ಕೂರುತ್ತಾರೆ.

ವಿಷಯ ಕಣ್ಣಿಗೆ ಕಟ್ಟಬೇಕಾದರೆ ಕ್ಯಾರಮ್ ಬೋರ್ಡನ್ನು ನೆನಪಿಸಿಕೊಳ್ಳಿ. ಅಂಚು ನೆಟ್ಟಗಿದ್ದರೆ ಸ್ಟ್ರೈಕರ್ ಬಡಿದ ಕೋನದಲ್ಲೇ ವಾಪಸು ಬರುತ್ತದೆ. ಹಳೇ ಬೋರ್ಡಿನ ಅಂಚು ಅಲ್ಲಲ್ಲಿ ಚಕ್ಕೆ ಎದ್ದಿದ್ದರೆ ಅದು ಎತ್ತ ಹೋದೀತೆಂದು ಹೇಳಲಾಗದು. ಆಟಗಾರನಿಗೆ ಅದು ತಲೆನೋವು. ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನೊಬ್ಬ ಸಾವಿರ ಸಲ ಹೊಡೆದು, ಎಷ್ಟು ಸಲ ಸ್ಟ್ರೈಕರ್ ನೆಟ್ಟಗೆ ಬಂತು, ಎಷ್ಟು ಸಲ ದಾರಿ ತಪ್ಪಿತು ಎಂದು ಎಣಿಸಿದರೆ, ಅಂಚಿನಲ್ಲಿ ಎಷ್ಟು ಚಕ್ಕೆ ಎದ್ದಿದೆ ಎಂದು ಹೇಳಬಹುದು. ತಲೆನೋವಿನಿಂದ ಎಣಿಕೆಗೆ ಹೀಗೆ ಬರಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು.

ಮೊದಲ ಐವತ್ತು ವರ್ಷ ಎಲ್ಲರಿಗೂ ಕಂಡದ್ದು ಒರಟು ಮಾತ್ರ. ಡೆನ್ಮಾರ್ಕಿನ ಮಾರ್ಟಿನ್ ಕ್ನುಡ್ಸೆನ್ ಕಿರಿದಾದ ಕೊಳವೆಗಳಲ್ಲಿ ವಿರಳ ಅನಿಲ ಹರಿಯುವುದನ್ನು 1909ರ ಸುಮಾರಿಗೆ ಅಳೆದ. ಅಣುಗಳು ಗೋಡೆಯಿಂದ ಹೊರಡುವಾಗ ಬಂದ ದಿಕ್ಕನ್ನು ಪೂರ್ತಿ ಮರೆತಿರುತ್ತವೆ ಎಂದಿಟ್ಟುಕೊಂಡರೆ ಅಳತೆ ಹೊಂದುತ್ತಿತ್ತು. ಆಮೇಲೆ ಅದನ್ನು ಪರೀಕ್ಷಿಸಲು ಅವನು ಮಾಡಿದ ಉಪಾಯ ಚೆಂದದ್ದು. ಗಾಜಿನ ಗೋಳವೊಂದರ ಒಳಮೈಯ ಒಂದು ಸಣ್ಣ ಜಾಗಕ್ಕೆ ಪಾದರಸದ ಆವಿಯನ್ನು ಬಡಿಸಿ, ಉಳಿದ ಗೋಳವನ್ನು ಚಳಿಯಲ್ಲಿಟ್ಟ. ಮರೆವಿನ ನಿಯಮ ನಿಜವಾದರೆ ಅಲ್ಲಿಂದ ಚದುರಿದ ಪಾದರಸ ಗೋಳದ ಒಳಗೆಲ್ಲ ಒಂದೇ ಸಮನಾಗಿ ಲೇಪವಾಗಬೇಕು, ಗೋಳದ ಜ್ಯಾಮಿತಿ ಹಾಗಿದೆ. ಹಾಗೆಯೇ ಆಯಿತು. ಗಾಜು ಎಷ್ಟು ನುಣುಪಾಗಿ ಕಂಡರೂ ಅಣುವಿನ ಅಳತೆಯಲ್ಲಿ ಅದು ಕೊಚ್ಚೆ ತುಳಿದ ಗದ್ದೆ.

ಈ ಗದ್ದೆಯಲ್ಲಿ ಕನ್ನಡಿ ಹುಡುಕಲು ಹೊರಟವನು ಆಟೋ ಸ್ಟರ್ನ್. 1922ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ವಾಲ್ಟರ್ ಗೆರ್ಲಾಖ್ ಜೊತೆ ಬೆಳ್ಳಿ ಪರಮಾಣುಗಳ ಧಾರೆಯನ್ನು ಕಾಂತಕ್ಷೇತ್ರದಲ್ಲಿ ಎರಡಾಗಿ ಸೀಳಿ ಹೆಸರು ಮಾಡಿದ್ದವನು, 1923ರಲ್ಲಿ ಹ್ಯಾಂಬರ್ಗ್ ಸೇರಿ ಅಣುಧಾರೆಗಳಿಗೆಂದೇ ಒಂದು ಪ್ರಯೋಗಾಲಯ ಕಟ್ಟಿದ. 1924ರಲ್ಲಿ ಲೂಯಿ ದ ಬ್ರಾಯ್ ಪದಾರ್ಥಕ್ಕೂ ಅಲೆಯ ಗುಣವಿದೆ ಎಂದ. 1927ರಲ್ಲಿ ಅಮೆರಿಕದ ಡೇವಿಸನ್ ಮತ್ತು ಜರ್ಮರ್ ನಿಕ್ಕೆಲ್ ಹರಳಿನ ಮೇಲೆ ಎಲೆಕ್ಟ್ರಾನುಗಳಿಗೆ ಅದನ್ನು ತೋರಿಸಿದರು. ಎಲೆಕ್ಟ್ರಾನ್ ಸರಿ, ಇಡೀ ಪರಮಾಣುವಿಗೂ ಅದು ನಿಜವೇ ಎಂಬುದು ಸ್ಟರ್ನ್‌ನ ಪ್ರಶ್ನೆ.

ಕೋಣೆಯ ಉಷ್ಣತೆಯಲ್ಲಿ ಓಡುವ ಹೀಲಿಯಮ್ ಪರಮಾಣುವಿನ ಅಲೆಯುದ್ದ ಅರ್ಧ ಆಂಗ್‌ಸ್ಟ್ರಾಮ್‌ಗಿಂತ ತುಸು ಹೆಚ್ಚು. ಒಂದು ಸೆಂಟಿಮೀಟರಿಗೆ ಹತ್ತು ಕೋಟಿ ಆಂಗ್‌ಸ್ಟ್ರಾಮ್. ಕನ್ನಡಿ ಕನ್ನಡಿಯಾಗಬೇಕಾದರೆ ಅದರ ಉಬ್ಬುತಗ್ಗು ಅಲೆಯುದ್ದಕ್ಕಿಂತ ಚಿಕ್ಕದಿರಬೇಕು. ಅಂದರೆ ಒಂದು ಪರಮಾಣು ತಲೆಯೆತ್ತಿ ನಿಂತರೂ ಹೀಲಿಯಮ್‌ಗೆ ಅದು ಗುಡ್ಡ. ಸ್ಟರ್ನ್ ಮತ್ತು ಫ್ರೀಡ್ರಿಖ್ ಕ್ನಾವರ್ ಮೊದಲು ಒಂದು ಉಪಾಯ ಮಾಡಿದರು. ಸಂಜೆ ಟಾರು ರಸ್ತೆಯ ಮೇಲೆ ತೀರ ಓರೆಯಾಗಿ ಕಣ್ಣು ಹಾಯಿಸಿದರೆ ರಸ್ತೆಯೂ ಹೊಳೆಯುತ್ತದಲ್ಲ, ಹಾಗೆ. ಧಾರೆಯನ್ನು ಮೈಗೆ ಸವರಿಕೊಂಡು ಹೋಗುವಷ್ಟು ಓರೆಯಾಗಿ, ಒಂದು ಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಇಳಿಜಾರಿನಷ್ಟು ಕೋನದಲ್ಲಿ ಬಿಟ್ಟರೆ, ಒರಟು ಸಾವಿರ ಪಟ್ಟು ಕುಗ್ಗಿದಂತೆ ಕಾಣುತ್ತದೆ. ಚೆನ್ನಾಗಿ ಹೊಳಪು ಕೊಟ್ಟ ಮೈಯಿಂದ ಧಾರೆಯ ಸಣ್ಣದೊಂದು ಪಾಲು ನೆಟ್ಟಗೆ ಹೊರಳಿ ಬಂತು. ಕೋನ ಸ್ವಲ್ಪ ಹೆಚ್ಚಿಸಿದರೆ ಮಾಯ.

ಮನುಷ್ಯ ಉಜ್ಜಿದ ಮೈ ಸಾಲದು ಎಂದಾದ ಮೇಲೆ ಅವರು ಹರಳಿನ ಕಡೆ ತಿರುಗಿದರು. ಉಪ್ಪಿನಂಥ ಹರಳನ್ನು ಸರಿಯಾಗಿ ಸೀಳಿದರೆ ಒಡೆದ ಮೈಯಲ್ಲಿ ಪರಮಾಣುಗಳು ತಾವಾಗಿಯೇ ಸಾಲುಗಟ್ಟಿ ನಿಂತಿರುತ್ತವೆ. ಮೊದಲು ಅಡುಗೆ ಉಪ್ಪಿನ ಹರಳು, ಆಮೇಲೆ ಲೀಥಿಯಮ್ ಫ್ಲೋರೈಡ್. 1930ರಲ್ಲಿ ಇಮ್ಯಾನುಯೆಲ್ ಎಸ್ಟರ್ಮನ್ ಜೊತೆ ಸ್ಟರ್ನ್ ಪ್ರಕಟಿಸಿದ ಪ್ರಬಂಧದಲ್ಲಿ ಲೀಥಿಯಮ್ ಫ್ಲೋರೈಡಿನಿಂದ ಹೊರಳಿದ ಹೀಲಿಯಮ್‌ಗೆ ನಡುವೆ ಒಂದು ಎತ್ತರದ ಶಿಖರ, ಅಕ್ಕಪಕ್ಕ ಎರಡು ಸಣ್ಣ ಶಿಖರ. ನಡುವಿನದು ಕನ್ನಡಿಯ ಪ್ರತಿಫಲನ, ಪಕ್ಕದವು ಅಲೆಗಳು ಮಾತ್ರ ಮಾಡಬಲ್ಲ ವಿವರ್ತನೆ. ಹೈಡ್ರೋಜನ್ ಅಣುವೂ ಹಾಗೇ ವರ್ತಿಸಿತು. ಪಠ್ಯಪುಸ್ತಕಗಳು ಈ ಕಥೆಯನ್ನು ಅಲೆಯ ಗೆಲುವೆಂದು ಹೇಳಿ ಮುಗಿಸುತ್ತವೆ. ಸೀಳಿದ ಹರಳು ಉಜ್ಜಿದ ಲೋಹವನ್ನು ಸೋಲಿಸಿತು ಎಂಬ ಇನ್ನೊಂದು ಅರ್ಧ ಅದರಲ್ಲಿ ಬಿಟ್ಟುಹೋಗುತ್ತದೆ.

ಮುಂದಿನ ವರ್ಷ ಆಟೋ ಫ್ರಿಶ್ ಕೂಡ ಸೇರಿ, ಒಂದೇ ವೇಗದ ಪರಮಾಣುಗಳನ್ನಷ್ಟೇ ಆರಿಸಿ ಬಡಿಸಿದರು. ಒಂದೇ ಅಚ್ಚಿಗೆ ಕೂರಿಸಿದ, ಅಂಚಿಗೆ ಸಣ್ಣ ಸೀಳುಗಳಿರುವ ಎರಡು ತಟ್ಟೆಗಳು ರಭಸದಿಂದ ತಿರುಗುತ್ತವೆ. ಮೊದಲ ತಟ್ಟೆಯ ಸೀಳಿನಲ್ಲಿ ತೂರಿದ ಪರಮಾಣು ತಕ್ಕ ವೇಗದಲ್ಲಿದ್ದರೆ ಮಾತ್ರ ಎರಡನೆಯದರ ಸೀಳಿಗೂ ಸರಿಯಾದ ಹೊತ್ತಿಗೆ ತಲುಪುತ್ತದೆ. ಲೆಕ್ಕಕ್ಕೂ ಅಳತೆಗೂ ಶೇಕಡಾ 3ರಷ್ಟು ವ್ಯತ್ಯಾಸ ಬಂತು. ಸ್ಟರ್ನ್‌ಗೆ ಅದು ಸಹಿಸಲಾಗದಷ್ಟು ದೊಡ್ಡದು. ಎಲ್ಲ ತಡಕಾಡಿ ಕೊನೆಗೆ ತಟ್ಟೆಯ ಸೀಳುಗಳನ್ನೇ ಎಣಿಸಿದರೆ 400 ಇರಬೇಕಾದಲ್ಲಿ 408 ಇದ್ದವು, ಸೀಳು ಕೊಯ್ದ ಯಂತ್ರದ ವಿಭಜನೆಯೇ ಹಾಗಿತ್ತು. ಅದನ್ನು ಸರಿಪಡಿಸಿದ ಮೇಲೆ ವ್ಯತ್ಯಾಸ ಶೇಕಡಾ 1ಕ್ಕೆ ಇಳಿಯಿತು. ಪ್ರಯೋಗ ಮಾಡುವವರು ಈ ಕಥೆಯನ್ನು ಇವತ್ತಿಗೂ ಒಬ್ಬರಿಗೊಬ್ಬರು ಹೇಳಿಕೊಂಡು ನಗುತ್ತಾರೆ.

1933ರಲ್ಲಿ ಫ್ರಿಶ್ ಮತ್ತು ಸ್ಟರ್ನ್‌ಗೆ ಇನ್ನೊಂದು ವಿಚಿತ್ರ ಕಂಡಿತು. ಹರಳನ್ನು ನಿಧಾನಕ್ಕೆ ತಿರುಗಿಸುತ್ತ ಹೋದರೆ ಕೆಲವು ನಿರ್ದಿಷ್ಟ ಕೋನಗಳಲ್ಲಿ ಕನ್ನಡಿಯ ಹೊಳಪು ತಟ್ಟನೆ ಕುಗ್ಗುತ್ತಿತ್ತು. ಹರಳಿನ ಕೊಳೆಯಾಗಿದ್ದರೆ ಹೊಳಪು ಎಲ್ಲ ಕೋನದಲ್ಲೂ ಕುಗ್ಗಬೇಕಿತ್ತು, ಇದು ಅಲ್ಲಲ್ಲಿ ಮಾತ್ರ, ಕ್ರಮವಾಗಿ. ಇದನ್ನು ದೋಷವೆಂದು ತಳ್ಳಿಹಾಕದೆ ಅಚ್ಚು ಹಾಕಿಸಿದ್ದು ದೊಡ್ಡ ವಿವೇಕ. ಹರಳಿನ ಮೈಯ ಸೆಳೆತಕ್ಕೆ ಸಿಕ್ಕಿ ಪರಮಾಣು ಅದರ ಮೇಲೆಯೇ ಸ್ವಲ್ಪ ದೂರ ಓಡುತ್ತದೆ, ಅದರಿಂದಲೇ ಈ ಕುಗ್ಗು ಎಂದು ಲೆನಾರ್ಡ್-ಜೋನ್ಸ್ ಮತ್ತು ಡೆವನ್‌ಶೈರ್ 1936ರಲ್ಲಿ ವಿವರಿಸಿದರು. ಆ ಹೊತ್ತಿಗೆ ಹ್ಯಾಂಬರ್ಗಿನ ಪ್ರಯೋಗಾಲಯವೇ ಇರಲಿಲ್ಲ. ನಾಜಿ ಸರ್ಕಾರ 1933ರ ಏಪ್ರಿಲ್‌ನಲ್ಲಿ ತಂದ ಕಾನೂನು ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯಿತು. ಎಸ್ಟರ್ಮನ್, ಫ್ರಿಶ್ ಕೆಲಸ ಕಳೆದುಕೊಂಡರು. ಸ್ಟರ್ನ್ ರಾಜೀನಾಮೆ ಕೊಟ್ಟು ಎಸ್ಟರ್ಮನ್ ಜೊತೆ ಪಿಟ್ಸ್‌ಬರ್ಗಿಗೆ ಹೋದ. ಫ್ರಿಶ್ ಲಂಡನ್ನಿಗೆ, ಅಲ್ಲಿಂದ ಕೋಪನ್‌ಹೇಗನ್‌ಗೆ. ಸ್ಟರ್ನ್‌ಗೆ 1943ರ ನೊಬೆಲ್ ಬಂತು, ಆದರೆ ಹ್ಯಾಂಬರ್ಗಿನ ಆ ಗತಿ ಪಿಟ್ಸ್‌ಬರ್ಗಿನಲ್ಲಿ ಮತ್ತೆ ಕೂಡಿಬರಲಿಲ್ಲ. ಉಪಕರಣಗಳನ್ನು ಹಡಗಿಗೆ ಹಾಕಬಹುದು. ಯಾವ ಕವಾಟ ಎಲ್ಲಿ ಸೋರುತ್ತದೆಂದು ಕೈಗೇ ಗೊತ್ತಿರುವ ನಾಲ್ಕೈದು ಜನರ ಕೂಟವನ್ನು ಹಾಕಲಾಗದು.

ಆಮೇಲೆ ಬಹುಕಾಲ ಈ ಕ್ಷೇತ್ರ ಮಂಕಾಗಿಯೇ ಇತ್ತು. ಕಾರಣ ರಾಜಕೀಯವಷ್ಟೇ ಅಲ್ಲ, ಗಾಳಿಯೂ ಹೌದು. ಆ ಕಾಲದ ಒಳ್ಳೆಯ ನಿರ್ವಾತದಲ್ಲಿ, ಅಂದರೆ ವಾತಾವರಣದ ಒತ್ತಡದ ನೂರು ಕೋಟಿಯಲ್ಲೊಂದು ಪಾಲು ಉಳಿದಿದ್ದಾಗಲೂ, ಶುದ್ಧವಾದ ಲೋಹದ ಮೈಮೇಲೆ ಒಂದು ಪದರ ಕೊಳಕು ಅನಿಲ ಕೂರಲು ಸುಮಾರು ಒಂದು ಸೆಕೆಂಡ್ ಸಾಕು. ಲೀಥಿಯಮ್ ಫ್ಲೋರೈಡ್ ಸುಲಭಕ್ಕೆ ಯಾವುದನ್ನೂ ಅಂಟಿಸಿಕೊಳ್ಳದ ಹರಳಾದ್ದರಿಂದ ಬಚಾವಾಯಿತು. ಲೋಹಗಳ ಸರದಿ ಬರಲು ನಿರ್ವಾತ ಇನ್ನೂ ಹತ್ತು ಸಾವಿರ ಪಟ್ಟು ಚೆನ್ನಾಗಬೇಕಿತ್ತು, ಆಗ ಒಂದು ಸೆಕೆಂಡ್ ಮೂರು ಗಂಟೆಯ ಹತ್ತಿರ ಹೋಗುತ್ತದೆ. ಅಂಥ ನಿರ್ವಾತವನ್ನು ಅಳೆಯುವ ಮಾಪಕ ಬಂದದ್ದೇ 1950ರಲ್ಲಿ. ಧಾರೆಯೂ ಸುಧಾರಿಸಿತು. ಒತ್ತಡದ ಹೀಲಿಯಮನ್ನು ಸೂಜಿಮೊನೆಯಷ್ಟು ರಂಧ್ರದಿಂದ ನಿರ್ವಾತಕ್ಕೆ ಚಿಮ್ಮಿಸಿದರೆ ಪರಮಾಣುಗಳೆಲ್ಲ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹೊರಡುತ್ತವೆ, ಸೀಳುತಟ್ಟೆಯ ಗೊಡವೆ ಬೇಡ. ಲೋಹದ ಮೇಲೆ ಹೀಲಿಯಮ್ ವಿವರ್ತನೆ ಕಂಡ ಮೊದಲ ವರದಿಗಳಲ್ಲೊಂದು 1971ರದ್ದು, ಟಂಗ್‌ಸ್ಟನ್ ಹರಳಿನ ಮೇಲೆ. ಬರೆದವರು ಡಿ. ವಿ. ತೆಂಡುಲ್ಕರ್ ಮತ್ತು ಆರ್. ಇ. ಸ್ಟಿಕ್ನಿ. ಮುಂಬೈ ಪುಣೆಯ ಓದುಗರು ಆ ಮೊದಲ ಹೆಸರಿನ ಹತ್ತಿರ ಒಂದು ಕ್ಷಣ ನಿಲ್ಲುತ್ತಾರೆಂದು ಬಲ್ಲೆ.

ಟಂಗ್‌ಸ್ಟನ್ನಿನ ಆ ಮೈ ಉಳುಮೆಯ ಸಾಲಿನಂತೆ ಉಬ್ಬುತಗ್ಗಾದದ್ದು. ಪ್ಲಾಟಿನಮ್, ಬೆಳ್ಳಿಯಂಥ ಲೋಹಗಳಲ್ಲಿ ಪರಮಾಣುಗಳು ಒತ್ತೊತ್ತಾಗಿ ಕೂತ ಮೈ ಬೇರೆ ಥರ. ಹೀಲಿಯಮ್ ಬಲಹೀನ ಅತಿಥಿ, ಮೇಲಿನ ಪದರಕ್ಕಿಂತ ಮೂರ್ನಾಲ್ಕು ಆಂಗ್‌ಸ್ಟ್ರಾಮ್ ಎತ್ತರದಿಂದಲೇ ವಾಪಸಾಗುತ್ತದೆ. ಅಷ್ಟು ಎತ್ತರದಲ್ಲಿ ಲೋಹದ ಎಲೆಕ್ಟ್ರಾನುಗಳು ಉಬ್ಬುತಗ್ಗನ್ನೆಲ್ಲ ಸಾರಿಸಿಬಿಟ್ಟಿರುತ್ತವೆ. ಹೀಗಾಗಿ ಅದು ಕಾಣುವುದು ಪರಮಾಣುಗಳ ಸಾಲನ್ನಲ್ಲ, ಬರಿಯ ಕನ್ನಡಿಯನ್ನು. ವಿವರ್ತನೆ ಹುಡುಕುವವರಿಗೆ ಇದು ನಿರಾಶೆ. ಆದರೆ ಇಂಥ ಕನ್ನಡಿಯ ಮೇಲೆ ಏನೇ ಕೂತರೂ ಎದ್ದು ಕಾಣುತ್ತದಲ್ಲ ಎಂದು ಯೋಚಿಸಿದವರು ಪಶ್ಚಿಮ ಜರ್ಮನಿಯ ಯೂಲಿಖ್‌ನಲ್ಲಿದ್ದರು. ಜಾರ್ಜ್ ಕೊಮ್ಸಾ ರುಮೇನಿಯಾ ಬಿಟ್ಟು ಬಂದವನು, ಬೇನೆ ಪೂಲ್ಸೆಮಾ ಡಚ್ಚಿನವನು.

ಅವರು ಪ್ಲಾಟಿನಮ್ ಮೈಮೇಲೆ ಕಾರ್ಬನ್ ಮಾನಾಕ್ಸೈಡ್ ಅಣುಗಳನ್ನು ಅಷ್ಟಷ್ಟಾಗಿ ಬಿಡುತ್ತ ಹೀಲಿಯಮ್ ಕನ್ನಡಿಯ ಹೊಳಪನ್ನು ಅಳೆದರು. ಕಾರಿನ ಹೊಗೆ ಶುದ್ಧಗೊಳಿಸುವ ಡಬ್ಬಿಯಲ್ಲಿ ಮುಖಾಮುಖಿಯಾಗುವುದು ಇದೇ ಜೋಡಿ. 1980ರ ದಶಕದ ಆರಂಭದಲ್ಲಿ ಬಂದ ಉತ್ತರ ಯಾರೂ ನಿರೀಕ್ಷಿಸದ್ದು. ಒಂದೊಂದು ಅಣುವೂ ನೂರಕ್ಕೂ ಹೆಚ್ಚು ಚದರ ಆಂಗ್‌ಸ್ಟ್ರಾಮ್ ಕನ್ನಡಿಯನ್ನು ಮಂಕು ಮಾಡುತ್ತಿತ್ತು, ತನ್ನ ಮೈಯಳತೆಯ ಹಲವು ಪಟ್ಟು. ಕಾರಣ ಅಣುವಿನ ಮೈಯಲ್ಲ, ಅದರ ಸೆಳೆತ. ಅಣುವಿನಿಂದ ದೂರ ಹಾಯುವ ಹೀಲಿಯಮ್ಮನ್ನೂ ವಾನ್ ಡರ್ ವಾಲ್ಸ್ ಎಳೆತ ಚೂರೇ ಚೂರು ಬಾಗಿಸುತ್ತದೆ. ಅಷ್ಟು ಬಾಗಿದರೂ ಸಾಕು, ಅದು ಕನ್ನಡಿಯ ನೆಟ್ಟ ಕಿರಣದಲ್ಲಿ ಇರುವುದಿಲ್ಲ. ಪ್ಲಾಟಿನಮ್ಮಿನ ಒಂದೊಂದು ಪರಮಾಣುವಿಗೆ ಆರೂಮುಕ್ಕಾಲು ಚದರ ಆಂಗ್‌ಸ್ಟ್ರಾಮ್‌ಗಿಂತ ತುಸು ಕಡಿಮೆ ಜಾಗ. ಲೆಕ್ಕ ಹಾಕಿದರೆ, ನೂರು ಪರಮಾಣುಗಳಿಗೆ ಒಂದು ಅಣು ಕೂತರೂ ಹೊಳಪಿನ ಆರನೇ ಒಂದು ಪಾಲಿನಷ್ಟು ಹೋಗುತ್ತದೆ. ಸಾವಿರಕ್ಕೊಂದು ಕೂತರೂ ಅಳತೆಗೆ ಸಿಗುತ್ತದೆ. ಮ್ಯಾಕ್ಸ್‌ವೆಲ್ ಅಕ್ಷರದ ಕೆಳಗೆ ಮುಚ್ಚಿಟ್ಟಿದ್ದನ್ನು ಈಗ ಎಣಿಸಬಹುದಾಗಿತ್ತು.

ಎಷ್ಟಿವೆ ಎಂಬುದಷ್ಟೇ ಅಲ್ಲ, ಹೇಗೆ ಕೂತಿವೆ ಎಂಬುದೂ ಗೊತ್ತಾಗುತ್ತಿತ್ತು. ಮಳೆಗಾಲದಲ್ಲಿ ದಾದರ್ ಸ್ಟೇಷನ್ನಿನ ಹೊರಗೆ ನೂರು ಜನ ಕೊಡೆ ಬಿಚ್ಚಿ ದೂರದೂರ ನಿಂತರೆ ನೂರು ಕೊಡೆಯಷ್ಟು ನೆಲ ಒಣಗಿರುತ್ತದೆ. ಅದೇ ಜನ ಒತ್ತಾಗಿ ನಿಂತು ಕೊಡೆಯ ಮೇಲೆ ಕೊಡೆ ಬಂದರೆ ಒಣನೆಲ ಕಡಿಮೆ. ಹಾಗೆಯೇ, ಮೈಮೇಲಿನ ಅಣುಗಳ ಸಂಖ್ಯೆ ಬದಲಾಗದೆ ಹೊಳಪು ಏರಿದರೆ ಅವು ಗುಂಪುಗೂಡುತ್ತಿವೆ ಎಂದರ್ಥ. ಹರಳಿನ ಮೆಟ್ಟಿಲುಗಳ ಕಥೆ ಇನ್ನೊಂದು. ಯಾವ ಹರಳಿನ ಮೈಯೂ ಪೂರ್ತಿ ಸಮತಟ್ಟಲ್ಲ, ಅಲ್ಲಲ್ಲಿ ಒಂದು ಪರಮಾಣುವಿನ ಎತ್ತರದ ಮೆಟ್ಟಿಲು ಇಳಿದಿರುತ್ತದೆ. ಪ್ಲಾಟಿನಮ್ಮಿನ ಈ ಮೈಯಲ್ಲಿ ಅದರ ಎತ್ತರ 2.27 ಆಂಗ್‌ಸ್ಟ್ರಾಮ್. ಕೆಳಗಿನ ಜಗಲಿಗೆ ಬಡಿದ ಅಲೆ ಮೇಲಿನ ಜಗಲಿಯದಕ್ಕಿಂತ ಹೆಚ್ಚು ದಾರಿ ನಡೆದು ಬರುತ್ತದೆ. ಎರಡೂ ಹೆಜ್ಜೆ ಕೂಡಿದರೆ ಹೊಳಪು, ತಪ್ಪಿದರೆ ಮಂಕು. ಹೀಲಿಯಮ್ಮಿನ ವೇಗವನ್ನು ಬದಲಿಸುತ್ತ ಹೋದರೆ ಹೊಳಪು ಏರಿ ಇಳಿಯುತ್ತದೆ. ಆ ಏರಿಳಿತ ಎಷ್ಟು ಆಳ ಎಂಬುದರಿಂದ ಮೆಟ್ಟಿಲು ಎಷ್ಟಿವೆ ಎಂದು ಹೇಳಬಹುದು.

ಈ ಎಣಿಕೆ ಅವರಿಗೆ ಕೊಟ್ಟ ಅಚ್ಚರಿಯಲ್ಲಿ ದೊಡ್ಡದು 1990ರದ್ದು. ಪ್ಲಾಟಿನಮ್ ಮೇಲೆಯೇ ಪ್ಲಾಟಿನಮ್ ಆವಿಯನ್ನು ಕೂರಿಸುತ್ತ ನೋಡಿದರು. ಒಂದು ಪದರ ಅರ್ಧ ತುಂಬಿದಾಗ ಮೈ ಅತಿ ಒರಟು, ಹೊಳಪು ತಗ್ಗುತ್ತದೆ. ಪದರ ತುಂಬಿದರೆ ಮತ್ತೆ ಏರುತ್ತದೆ. ಸುಮಾರು 620 ಕೆಲ್ವಿನ್ ಉಷ್ಣತೆಯಲ್ಲಿ ಹೀಗೆ ಪದರದ ಮೇಲೆ ಪದರ ಒಪ್ಪವಾಗಿ ಬೆಳೆಯಿತು. 425ರ ಸುಮಾರಿಗೆ ಇಳಿಸಿದರೆ ಮೈ ಗುಡ್ಡಗುಡ್ಡವಾಗಿ ಹೊಳಪು ಹೊರಟೇಹೋಯಿತು. ಇನ್ನೂ ತಣಿಸಿದರೆ ಮತ್ತಷ್ಟು ಕೆಡಬೇಕು ತಾನೇ? 275ರಲ್ಲಿ ಮತ್ತೆ ಪದರ ಪದರವಾಗಿ ಬೆಳೆಯಿತು! ಚಳಿಯಲ್ಲಿ ಹುಟ್ಟುವ ಪುಟಾಣಿ, ಹರಕು ಅಂಚಿನ ದ್ವೀಪಗಳಿಂದ ಪರಮಾಣುಗಳು ಕೆಳಕ್ಕೆ ಉರುಳುವುದು ಸುಲಭ ಎಂಬ ವಿವರಣೆ ಬಂತು. ಆದರೆ ಕಥೆಗೆ ಒಂದು ಬಾಲವಿದೆ. 1998ರಲ್ಲಿ ಕೊಮ್ಸಾನೇ ಸೇರಿ ಬರೆದ ಪ್ರಬಂಧ, ನಿರ್ವಾತದಲ್ಲಿ ಉಳಿಯುವ ಅತ್ಯಲ್ಪ ಕಾರ್ಬನ್ ಮಾನಾಕ್ಸೈಡ್ ಕೂಡ ಪ್ಲಾಟಿನಮ್ ಬೆಳೆಯುವ ರೀತಿಯನ್ನು ತೀವ್ರವಾಗಿ ಬದಲಿಸಬಲ್ಲದು ಎಂದು ತೋರಿಸಿತು. ಸಾವಿರಕ್ಕೊಂದರಂತೆ ಎಣಿಸಲು ಕಲಿಸಿದ ಅದೇ ಅಣು. ತನ್ನ ಹಳೆಯ ಕೆಲಸದ ಮೇಲೆ ತಾನೇ ಇಂಥ ಪ್ರಶ್ನೆ ಎಬ್ಬಿಸುವ ಎದೆಗಾರಿಕೆ ಎಲ್ಲರಿಗೂ ಇರುವುದಿಲ್ಲ.

ಇಷ್ಟೆಲ್ಲ ಮೆಟ್ಟಿಲು ಎಣಿಸಿ ಏನು ಬಂತು ಎಂದು ಕೇಳುವವರಿಗೆ ರಸಾಯನಶಾಸ್ತ್ರದಲ್ಲಿ ಉತ್ತರವಿದೆ. ಪ್ರಿನ್ಸ್‌ಟನ್ನಿನ ಹ್ಯೂ ಟೇಲರ್ 1925ರಲ್ಲೇ, ವೇಗವರ್ಧಕದ ಇಡೀ ಮೈ ಕೆಲಸ ಮಾಡುವುದಿಲ್ಲ, ಅಲ್ಲೊಂದು ಇಲ್ಲೊಂದು ವಿಶೇಷ ಜಾಗ ಮಾತ್ರ ದುಡಿಯುತ್ತದೆ ಎಂದು ಊಹಿಸಿದ್ದ. ಗೊಬ್ಬರಕ್ಕೆ ಬೇಕಾದ ಅಮೋನಿಯಾ ಮಾಡಲು ನೈಟ್ರೋಜನ್ ಅಣುವನ್ನು ಸೀಳಬೇಕು. 1999ರಲ್ಲಿ ಡೆನ್ಮಾರ್ಕಿನ ತಂಡವೊಂದು ರುಥೇನಿಯಮ್ ಹರಳಿನ ಮೆಟ್ಟಿಲುಗಳ ಅಂಚಿಗೆ ಮಾತ್ರ, ಇಡೀ ಮೈಯ ಶೇಕಡಾ ಒಂದೆರಡರಷ್ಟು, ಚಿನ್ನದ ಪರಮಾಣುಗಳನ್ನು ಕೂರಿಸಿತು. ನೈಟ್ರೋಜನ್ ಸೀಳುವುದು ಬಹುತೇಕ ನಿಂತೇಹೋಯಿತು. ದುಡಿಯುತ್ತಿದ್ದದ್ದು ಮೆಟ್ಟಿಲು, ಉಳಿದ ವಿಶಾಲ ಜಗಲಿಯೆಲ್ಲ ಸುಮ್ಮನೆ ಕೂತಿತ್ತು.

ಹೀಲಿಯಮ್ ಧಾರೆಯ ಕಾಲ ಅಷ್ಟಕ್ಕೇ ಮುಗಿಯಲಿಲ್ಲ, ಆದರೆ ಅದರ ಮಹತ್ವ ಕುಗ್ಗಿತು. ಬಿನ್ನಿಗ್ ಮತ್ತು ರೋರರ್ ಮಾಡಿದ, ಸೂಜಿಮೊನೆಯಿಂದ ಪರಮಾಣುಗಳನ್ನು ತಡವಿ ನೋಡುವ ಸೂಕ್ಷ್ಮದರ್ಶಕಕ್ಕೆ 1986ರಲ್ಲಿ ನೊಬೆಲ್ ಬಂತು. ಮೆಟ್ಟಿಲನ್ನು ಚಿತ್ರದಲ್ಲೇ ನೋಡಬಹುದಾದ ಮೇಲೆ ಹೊಳಪಿನಿಂದ ಊಹಿಸುವವರು ವಿರಳರಾದರು. ಉಳಿದವರು ಹೀಲಿಯಮ್ಮಿನ ಸೌಮ್ಯ ಸ್ವಭಾವವನ್ನು ನೆಚ್ಚಿಕೊಂಡರು. ಎಲೆಕ್ಟ್ರಾನ್ ಸುಟ್ಟುಹಾಕುವ ನಾಜೂಕು ವಸ್ತುಗಳನ್ನೂ ಅದು ಮುಟ್ಟಿ ನೋಯಿಸುವುದಿಲ್ಲ. ಹಾಗಾದರೆ ಹೀಲಿಯಮ್ಮಿನಿಂದಲೇ ಚಿತ್ರ ತೆಗೆದರೆ ಹೇಗೆ? ಕೇಂಬ್ರಿಜ್‌ನ ಬೋದಿಲ್ ಹೋಲ್ಸ್ಟ್ ಮತ್ತು ವಿಲಿಯಂ ಆಲಿಸನ್ 1997ರಲ್ಲಿ ತೆಳುವಾದ ಸಿಲಿಕಾನ್ ಹಾಳೆಯೊಂದನ್ನು ಬಾಗಿಸಿ, ಮೈಗೆ ಹೈಡ್ರೋಜನ್ ಕೂರಿಸಿ, ಪರಮಾಣು ಧಾರೆಯನ್ನು ಒಂದೆಡೆ ಕೂಡಿಸುವ ಕನ್ನಡಿ ಮಾಡಿದರು. ಆದರೆ ಕನ್ನಡಿಗೆ ಸ್ಟರ್ನ್ ಕಾಲದ ಅದೇ ರೋಗ. ಒಂದು ಪರಮಾಣುವಿನ ಮೆಟ್ಟಿಲು, ಕಳಚಿದ ಒಂದು ಹೈಡ್ರೋಜನ್, ಎಲ್ಲೋ ಅಂಟಿದ ಕೊಳೆ, ಪ್ರತಿಯೊಂದೂ ತನ್ನ ಪಾಲಿನ ಹೀಲಿಯಮನ್ನು ಕದಿಯುತ್ತದೆ. 2008ರಲ್ಲಿ ಹೋಲ್ಸ್ಟ್ ಮತ್ತು ಸಂಗಡಿಗರು ಹೀಲಿಯಮ್ ಅಲೆಗಳನ್ನು ಕೂಡಿಸಿ ಚಿತ್ರ ತೆಗೆದಾಗ ಬಳಸಿದ್ದು ಕನ್ನಡಿಯನ್ನಲ್ಲ, ಉಂಗುರದೊಳಗೆ ಉಂಗುರವಾಗಿ ಸಂದು ಕೊರೆದ ಒಂದು ಪುಟ್ಟ ತಟ್ಟೆಯನ್ನು. ಪರಮಾಣುಗಳು ಅದರ ಸಂದುಗಳಲ್ಲಿ ತೂರಿ ಹೋಗುತ್ತವೆ, ಯಾವ ಮೈಗೂ ಬಡಿದು ವಾಪಸಾಗಬೇಕಿಲ್ಲ. ಚಿತ್ರದಲ್ಲಿ ಮೂಡಿದ್ದು ಆರು ಮೂಲೆಯ ಕಿಂಡಿಗಳಿರುವ ತಾಮ್ರದ ಜಾಲರಿಯೊಂದರ ನೆರಳು.